ಹೆಸರು, ಗೋತ್ರ ಮತ್ತು ಕಾಫಿ

ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕ ಮೂರು ಡ್ರಾಯರ್ ಇವೆ. ಮೊದಲನೆಯದರಲ್ಲಿ ಚಮಚ, ಸೌಟು, ಲಟ್ಟಣಿಗೆ. ಎರಡನೆಯದರಲ್ಲಿ ಕತ್ತರಿ, ಮೇಣದಬತ್ತಿ, ಗ್ಯಾಸ್ ಪುಸ್ತಕ. ಮೂರನೆಯದನ್ನು ಎಳೆದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಅದರ ತುಂಬ ಪುಟ್ಟ ಪುಟ್ಟ ಪೊಟ್ಟಣ. ಕೆಚಪ್, ಒಣಮೆಣಸಿನ ಚೂರು, ಸಕ್ಕರೆ, ಓರೆಗಾನೊ, ಮತ್ತೆ ಓರೆಗಾನೊ, ಅದರಡಿ ಇನ್ನಷ್ಟು ಓರೆಗಾನೊ. ಒಂದನ್ನೂ ನಾವು ದುಡ್ಡು ಕೊಟ್ಟು ತಂದಿದ್ದಲ್ಲ. ಪಿಜ್ಜಾ ಡಬ್ಬದ ಜೊತೆ ಬಂದಿದ್ದು, ಇಲ್ಲವೇ ಹೋಟೆಲಿನ ಮೇಜಿನಿಂದ ಹೆಂಡತಿಯ ಬ್ಯಾಗಿಗೆ ಜಾರಿದ್ದು. ಎಸೆಯಲು ಮನಸ್ಸು ಬಾರದು, ಬಳಸಲು ದಾರಿ ಕಾಣದು. ಬೆಂಗಳೂರಿನಲ್ಲಿ ಇಂಥ ಡ್ರಾಯರ್ ಇಲ್ಲದ ಮನೆ ಯಾವುದಾದರೂ ಇದ್ದರೆ ಹೇಳಿ, ನಾನೇ ಬಂದು ಒಂದು ಕೆ.ಜಿ. ಕೊಟ್ಟು ಹೋಗುತ್ತೇನೆ.

ದಾರಿ ಕಂಡುಹಿಡಿದವಳು ಅಮ್ಮ. ಊರಿಂದ ಬಂದಿದ್ದವಳು ಒಂದು ಮಧ್ಯಾಹ್ನ ಡ್ರಾಯರ್ ಎಳೆದು, ಪೊಟ್ಟಣ ಹರಿದು ಮೂಗಿನ ಹತ್ತಿರ ಹಿಡಿದು, ‘ಒಣಗಿಸಿದ ದೊಡ್ಡಪತ್ರೆ ಎಷ್ಟೊಂದು ಕೂಡಿಟ್ಟಿದೀಯಲ್ಲೇ, ಮನೇಲಿ ಯಾರಿಗೆ ಕೆಮ್ಮು?’ ಅಂತ ನನ್ನ ಹೆಂಡತಿಯನ್ನು ಕೇಳಿದಳಂತೆ. ಹೆಂಡತಿ ಫೋನಿನಲ್ಲಿದ್ದಳು, ಹೂಂ ಅಂದಳು. ರಾತ್ರಿ ಊಟಕ್ಕೆ ಕೂತರೆ ತಂಬುಳಿ. ಹದಿನಾಲ್ಕು ಪೊಟ್ಟಣ ಓರೆಗಾನೊವನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಸೇರಿಸಿ ಒಗ್ಗರಣೆ ಕೊಟ್ಟಿದ್ದಳು. ಅಪ್ಪಯ್ಯ ಎರಡು ಸಲ ಹಾಕಿಸಿಕೊಂಡರು. ನಾನೂ ಹಾಕಿಸಿಕೊಂಡೆ. ಮಗಳು ಮಾತ್ರ ಚಮಚದ ತುದಿ ನೆಕ್ಕಿ, ‘ಇದು ಪಿಜ್ಜಾ ಮಜ್ಜಿಗೆ’ ಅಂದಳು. ಆಮೇಲೆ ಫೋನ್ ನೋಡಿ, ಎರಡೂ ತುಳಸಿಯ ಕುಟುಂಬದ ಗಿಡಗಳೇ ಅಂತೆ, ಎರಡರಲ್ಲೂ ಆ ಘಾಟು ಕಾರ್ವಕ್ರಾಲ್ ಅನ್ನೋದರಿಂದಲೇ ಬರೋದಂತೆ ಅಂತ ಒಪ್ಪಿಕೊಂಡಳು. ಅಮ್ಮನಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಆ ಡ್ರಾಯರ್ ತುಂಬಿಸಿದ ಪಾಪ ನನ್ನದು. ಚೈನ್ ಹೋಟೆಲುಗಳನ್ನು ಬೈಯುವುದರಲ್ಲಿ ನಮ್ಮ ರಸ್ತೆಗೆ ನಾನೇ ಮೊದಲು. ಹೋಗುವುದರಲ್ಲೂ.

ಅಪ್ಪಯ್ಯ ಹಾಗಲ್ಲ. ಅವರು ಬೈದರೆ ಬೈದಿದ್ದೇ. ನಮ್ಮೂರು ತೀರ್ಥಹಳ್ಳಿ ಕಡೆ. ರೈತ ಸಂಘ ಹುಟ್ಟಿದ್ದು ನಮ್ಮ ಶಿವಮೊಗ್ಗ ಸೀಮೆಯಲ್ಲೇ, 1980ರಲ್ಲಿ. ಆವತ್ತಿನಿಂದ ಇವತ್ತಿನವರೆಗೆ ಅವರ ಹೆಗಲ ಮೇಲಿನ ಹಸಿರು ಶಾಲು ಇಳಿದಿಲ್ಲ. 1995ರಲ್ಲಿ ದೇಶದ ಮೊದಲ ಕೆ.ಎಫ್.ಸಿ. ಬೆಂಗಳೂರಿನ ಬ್ರಿಗೇಡ್ ರೋಡಿನಲ್ಲಿ ಬಾಗಿಲು ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಸಂಘ ಅದರ ವಿರುದ್ಧ ಬೀದಿಗಿಳಿಯಿತು, ಮರುವರ್ಷ ಜನವರಿಯಲ್ಲಿ ಕಾರ್ಯಕರ್ತರು ಅಂಗಡಿಯೊಳಗೆ ನುಗ್ಗಿದ್ದೂ ಆಯಿತು. ಅಪ್ಪಯ್ಯ ಆ ಗಲಾಟೆಗೆ ಬಂದಿರಲಿಲ್ಲ, ಅಡಿಕೆ ಕೊಯ್ಲು ನಡೆದಿತ್ತು. ಕೋಳಿಗೂ ಅವರಿಗೂ ಯಾವ ಜನ್ಮದಲ್ಲೂ ಸಂಬಂಧವಿಲ್ಲ. ಆದರೂ ಬೆಂಗಳೂರಿನ ಹಾಸ್ಟೆಲಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನನಗೆ ಒಂದು ಕಾರ್ಡು ಹಾಕಿದರು: ‘ಬ್ರಿಗೇಡ್ ರಸ್ತೆ ಕಡೆ ತಲೆ ಹಾಕಬೇಡ.’ ನಾನು ಆವರೆಗೆ ಆ ರಸ್ತೆಯನ್ನೇ ನೋಡಿರಲಿಲ್ಲ. ಕಾರ್ಡು ಓದಿದ ಮೇಲೆ ಎಷ್ಟನೇ ನಂಬರ್ ಬಸ್ಸು ಹೋಗುತ್ತದೆ ಅಂತ ವಿಚಾರಿಸಿದೆ.

ಅದೇ 1996ರಲ್ಲಿ ಅದೇ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಶುರುವಾಯಿತು. ಕಾಫಿ ಜೊತೆಗೆ ಇಂಟರ್‌ನೆಟ್ಟು. ನಾವು ನಾಲ್ಕು ಜನ ಹಾಸ್ಟೆಲ್ ಹುಡುಗರು ದುಡ್ಡು ಒಟ್ಟು ಮಾಡಿಕೊಂಡು ಹೋದೆವು. ಒಬ್ಬನಿಗೆ ಇ-ಮೇಲ್ ಖಾತೆ ತೆರೆದದ್ದೂ ಆಯಿತು. ಈಗ ಯಾರಿಗೆ ಕಳಿಸೋದು? ನಮಗೆ ಗೊತ್ತಿದ್ದ ಯಾರಿಗೂ ಇ-ಮೇಲ್ ಇರಲಿಲ್ಲ. ಕೊನೆಗೆ ಅವನಿಂದ ಅವನಿಗೇ ಒಂದು ಕಳಿಸಿ, ಬಂತು ಬಂತು ಅಂತ ಚಪ್ಪಾಳೆ ತಟ್ಟಿ ಎದ್ದು ಬಂದೆವು. ಅದಾಗಿ ಎರಡು ವರ್ಷಕ್ಕೆ ಮೊದಲ ಪಿಜ್ಜಾ. ಮುಳ್ಳುಚಮಚ, ಚಾಕು ಹಿಡಿದು ಸೌದೆ ಸೀಳಿದ ಹಾಗೆ ಒತ್ತಿದೆ. ಒಂದು ತುಂಡು ದೊಣ್ಣೆಮೆಣಸು ಹಾರಿ ಪಕ್ಕದ ಮೇಜಿನವರ ನೀರಿನ ಲೋಟಕ್ಕೆ ಬಿತ್ತು. ಚಟ್ನಿ ಕೇಳಿದೆ. ಹುಡುಗ ಕೆಚಪ್ ಪೊಟ್ಟಣ ತಂದಿಟ್ಟ. ಒಂದು ಬಳಸಿದೆ, ಉಳಿದ ಮೂರು ಜೇಬಿಗಿಳಿಸಿದೆ. ನಮ್ಮ ಡ್ರಾಯರಿನ ಇತಿಹಾಸ ಅಲ್ಲಿಂದ ಶುರು.

ಚೈನ್ ಅನ್ನೋದೆಲ್ಲ ಹೊರಗಿನವರು ಅಂಟಿಸಿದ ಚಾಳಿ ಅಂತ ನಾನು ಆಗಾಗ ಭಾಷಣ ಬಿಗಿಯುವುದುಂಟು. ಹೆಂಡತಿ ಕುಂದಾಪುರದವಳು, ಸುಮ್ಮನೆ ಕೇಳುವ ಪೈಕಿ ಅಲ್ಲ. ‘ಎಂತ ಮಾತಾಡ್ತೀರಿ ಮಾರಾಯ್ರೆ? ಉಡುಪಿ ಹೋಟೆಲ್ ಅಂತ ಬೋರ್ಡ್ ಇಲ್ಲದ ಒಂದು ಊರು ತೋರಿಸಿ ಕಾಂಬ’ ಅನ್ನುತ್ತಾಳೆ. ಅವಳು ಹೇಳುವುದರಲ್ಲಿ ಹುರುಳಿದೆ. ಮಾಲೀಕರು ನೂರಾರು ಜನ, ಒಬ್ಬರಿಗೊಬ್ಬರ ಪರಿಚಯವೂ ಇಲ್ಲ. ಆದರೆ ಯಾವ ಊರಿನ ಉಡುಪಿ ಹೋಟೆಲಿಗೆ ಹೋಗಿ, ಗಲ್ಲಾದ ಹಿಂದೆ ಕೃಷ್ಣನ ಫೋಟೊ, ಅದಕ್ಕೊಂದು ಮಲ್ಲಿಗೆ ಮಾಲೆ, ಸಾಂಬಾರಿನಲ್ಲಿ ಒಂದು ಚೂರು ಬೆಲ್ಲ. ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರು ಮಾಡಿದ ಮಯ್ಯ ಸಹೋದರರೂ ಅವಳ ಸೀಮೆಯವರೇ. ಅದೀಗ ಸಿಂಗಪುರ, ದುಬೈ, ಲಂಡನ್ನಿನಲ್ಲೂ ಇದೆ. ಸಿಂಗಪುರದಲ್ಲಿರುವ ಅವಳ ತಮ್ಮ ಭಾನುವಾರ ಸೆರಂಗೂನ್ ರೋಡಿನಲ್ಲಿ ಕ್ಯೂ ನಿಂತು ರವೆ ಇಡ್ಲಿ ತಿಂದು ನಮಗೆ ಫೋಟೊ ಕಳಿಸುತ್ತಾನೆ. ನಾವು ಇಲ್ಲೇ ಇದ್ದವರು ಲಾಲ್‌ಬಾಗ್ ರೋಡಿಗೆ ಹೋಗಿ ಎರಡು ವರ್ಷ ಆಯಿತು. ಪಾರ್ಕಿಂಗ್ ಸಿಗುವುದಿಲ್ಲ ನೋಡಿ.

ಇನ್ನು ದರ್ಶಿನಿಗಳು. ಜಯನಗರದಲ್ಲಿ 1983ರಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಆ ಮಾದರಿಯನ್ನು ಊರಿಗೆ ಊರೇ ನಕಲು ಮಾಡಿತು. ಟೋಕನ್ ತಗೋ, ನಿಂತು ತಿನ್ನು, ತಟ್ಟೆಯನ್ನು ಟಬ್ಬಿಗೆ ಹಾಕು, ಹೊರಡು. ಯಾವ ಬಡಾವಣೆಗೆ ಹೋದರೂ ಒಂದು ‘ದರ್ಶಿನಿ’, ಅದೇ ಸ್ಟೀಲಿನ ಎತ್ತರದ ಮೇಜು, ಅದೇ ಬೈ-ಟೂ ಕಾಫಿ. ನಾನು ವಾದ ಸೋತೆ. ಆದರೂ ಕೊನೆಯ ಮಾತು ನನ್ನದೇ ಇರಲಿ ಅಂತ, ‘ಉಡುಪಿ ಹೋಟೆಲಲ್ಲಿ ಯಾರೂ ನಮ್ಮ ಹೆಸರು ಕೇಳಲ್ಲ’ ಅಂದೆ.

ಹೆಸರಿನ ವಿಷಯ ಬಂದಿದ್ದು ಅಪ್ಪಯ್ಯನಿಂದ.

ಊರಿಂದ ಬೆಂಗಳೂರಿಗೆ ಕಾರಿನಲ್ಲಿ ಏಳು ತಾಸಿನ ದಾರಿ. ಅಮ್ಮನಿಗೆ ಸಕ್ಕರೆ ಕಾಯಿಲೆ, ಒಂದೂವರೆ ತಾಸಿಗೊಮ್ಮೆ ಗಾಡಿ ನಿಲ್ಲಿಸಬೇಕು. ದಾರಿಬದಿಯ ಸಣ್ಣ ಹೋಟೆಲುಗಳಲ್ಲಿ ದೋಸೆ ದೇವಲೋಕದ್ದೇ ಇರಬಹುದು. ಆದರೆ ‘ಟಾಯ್ಲೆಟ್ ಎಲ್ಲಿ?’ ಅಂದರೆ, ಗಲ್ಲಾದವರು ಮರದ ತುಂಡಿಗೆ ಕಟ್ಟಿದ ಬೀಗದ ಕೈ ಕೊಟ್ಟು ‘ಹಿಂದ್ಗಡೆ ಹೋಗಿ, ಸಿಂಟೆಕ್ಸ್ ಪಕ್ಕ’ ಅನ್ನುತ್ತಾರೆ. ಅಲ್ಲಿಗೆ ಹೋಗಿ ಬಂದ ಮೇಲೆ ದೋಸೆ ನೆನಪಿರುವುದಿಲ್ಲ. ಹೀಗಾಗಿ ಹೆದ್ದಾರಿಯಲ್ಲಿ ನನ್ನ ಸಿದ್ಧಾಂತವೆಲ್ಲ ಸಡಿಲ. ದೂರದಲ್ಲಿ ಚೈನ್ ಕಾಫಿ ಅಂಗಡಿಯ ಬೋರ್ಡು ಕಂಡರೆ ಸಾಕು, ಕೈ ತಾನೇ ಇಂಡಿಕೇಟರ್ ಹಾಕುತ್ತದೆ. ಅಮ್ಮ ಹೊರಬಂದು ಕೊಟ್ಟ ತೀರ್ಪು: ‘ಕಾಫಿ ಅಕ್ಕಚ್ಚು. ಬಚ್ಚಲು ಮಾತ್ರ ಫಸ್ಟ್ ಕ್ಲಾಸ್.’ ಅಕ್ಕಚ್ಚು ಅಂದರೆ ನಮ್ಮ ಕಡೆ ಅಕ್ಕಿ ತೊಳೆದ ನೀರು, ದನಕ್ಕೆ ಕುಡಿಸೋದು.

ಕಳೆದ ಸಲ ಬರುವಾಗ ಕೌಂಟರಿನ ಹುಡುಗ ಕೈಯಲ್ಲಿ ಪೆನ್ನು, ಕಪ್ಪು ಹಿಡಿದು ಅಪ್ಪಯ್ಯನನ್ನು ಕೇಳಿದ: ‘ನೇಮ್ ಸರ್?’

ಅಪ್ಪಯ್ಯ ನನ್ನ ಮುಖ ನೋಡಿದರು. ‘ಕಾಫಿಗೆ ಹೆಸರು ಯಾಕೋ?’

‘ಎಲ್ಲರದ್ದೂ ಕಲಸಿ ಹೋಗಬಾರದಲ್ಲ, ಅದಕ್ಕೆ.’

ಅಂಗಡಿಯಲ್ಲಿ ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ. ಅಪ್ಪಯ್ಯ ಶಾಲು ಸರಿ ಮಾಡಿಕೊಂಡು, ಕ್ಷೇತ್ರದಲ್ಲಿ ಅರ್ಚನೆ ಚೀಟಿ ಬರೆಸುವ ದನಿಯಲ್ಲಿ, ‘ವೆಂಕಟರಮಣಯ್ಯ. ಗೋತ್ರ, ನಕ್ಷತ್ರನೂ ಬೇಕಾ?’ ಅಂದರು. ಹುಡುಗನಿಗೆ ಕನ್ನಡ ಅಷ್ಟಕ್ಕಷ್ಟೆ. ‘ಓಕೆ ಸರ್’ ಅಂದ. ಐದು ನಿಮಿಷದ ಮೇಲೆ ಕಪ್ಪು ಬಂತು. ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಗಟ್ಟಿಯಾಗಿ ಓದಬಾರದಿತ್ತು. ‘ವೆಂಕಟ್ ರಮ್.’

ಎಪ್ಪತ್ತೆಂಟು ವರ್ಷ ಚಹಾ ಕೂಡ ಮುಟ್ಟದ ಮನುಷ್ಯ. ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕವಳು ಕಡೂರಿನಿಂದ ಅರಸೀಕೆರೆಯವರೆಗೂ ನಿಲ್ಲಿಸಲಿಲ್ಲ. ಅಪ್ಪಯ್ಯ ಮಾತ್ರ ಕಪ್ಪನ್ನು ತೊಳೆದು ಒರೆಸಿ ಇಟ್ಟುಕೊಂಡರು. ಅವರ ಕವಳದ ಸಾಮಾನು, ಸುಣ್ಣದ ಡಬ್ಬಿ, ಅಡಕತ್ತರಿ ಎಲ್ಲ ಈಗ ಅದರಲ್ಲೇ.

ಚೈನ್ ಹೋಟೆಲಿನ ಸಂಕಟ ಇಷ್ಟೇ ಆದರೆ ಪರವಾಗಿರಲಿಲ್ಲ. ನಮ್ಮ ಮನೆಯಲ್ಲಿ ಹೋಟೆಲು ಆರಿಸುವ ಖಾತೆ ಮಗಳದ್ದು. ಅವಳಿಗೆ ಹೋಟೆಲಿನಲ್ಲಿ ಊಟದ ಜೊತೆ ಏನಾದರೂ ನಡೆಯುತ್ತಿರಬೇಕು. ಒಮ್ಮೆ ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಮೇಜಿನ ನಡುವೆ ಕೆಂಡ ಇರುವ ಬಫೆಗೆ ಕರೆದುಕೊಂಡು ಹೋದಳು. ಕೆಂಡದ ಪಕ್ಕ ಒಂದು ಪುಟ್ಟ ಬಾವುಟ. ಬಾವುಟ ನಿಂತಿರುವಷ್ಟು ಹೊತ್ತು ಪನೀರು, ಅಣಬೆ, ಅನಾನಸು ಕಡ್ಡಿಗೆ ಚುಚ್ಚಿಕೊಂಡು ಬರುತ್ತಲೇ ಇರುತ್ತವೆ. ಸಾಕು ಅನ್ನಿಸಿದರೆ ಬಾವುಟ ಇಳಿಸಬೇಕು. ಕೊಟ್ಟ ದುಡ್ಡು ವಸೂಲಾಗಲಿ ಅಂತ ನಾನು ಬೆಳಗ್ಗಿನ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಬಿಟ್ಟಿದ್ದೆ. ಹೆಂಡತಿ ಪಕ್ಕದಲ್ಲಿ ಕೂತು ಲೆಕ್ಕ ಇಡುತ್ತಿದ್ದಳು: ‘ಈಗ ಮುನ್ನೂರಕ್ಕೆ ಬಂದ್ರಿ.’ ಐನೂರು ದಾಟುವ ಹೊತ್ತಿಗೆ ನನ್ನ ಮೊಣಕೈ ತಾಗಿ ಬಾವುಟ ಮಗುಚಿಬಿತ್ತು. ಯಾರೂ ನೋಡಲಿಲ್ಲ. ಆಮೇಲೆ ಹತ್ತು ನಿಮಿಷ ಯಾರೂ ನಮ್ಮ ಹತ್ತಿರ ಸುಳಿಯಲಿಲ್ಲ. ಅಡುಗೆ ಖಾಲಿ ಆಯ್ತೇನೋ ಅಂತ ನಾನು ಕೈ ಎತ್ತಿ ಜೋರಾಗಿ ಬೀಸಿದೆ.

ಅದನ್ನು ಅವರು ಬೇರೆಯೇ ಅರ್ಥ ಮಾಡಿಕೊಂಡರು. ದೀಪ ಆರಿತು. ಆರು ಜನ ಚಪ್ಪಾಳೆ ತಟ್ಟುತ್ತಾ ಕೇಕು ಹಿಡಿದು ಬಂದು, ನನ್ನ ತಲೆಗೆ ರಟ್ಟಿನ ಕಿರೀಟ ಇಟ್ಟು ‘ಹ್ಯಾಪಿ ಬರ್ತ್‌ಡೇ’ ಹಾಡಿದರು. ಅಲ್ಲ ಕಣ್ರಪ್ಪಾ ಅನ್ನುವಷ್ಟರಲ್ಲಿ ಕೈಗೆ ಚಾಕು ಬಂದಿತ್ತು. ಕತ್ತರಿಸಿಬಿಟ್ಟೆ. ದೀಪ ಹೊತ್ತಿಕೊಂಡಾಗ ಹಿಂದಿನ ಮೇಜಿನಲ್ಲಿ ಆರು ವರ್ಷದ ಹುಡುಗನೊಬ್ಬ ನನ್ನನ್ನೇ ನೋಡುತ್ತಾ ತುಟಿ ನಡುಗಿಸುತ್ತಿದ್ದ. ಕೇಕಿನ ಮೇಲೆ ಅವನ ಹೆಸರಿತ್ತು. ಕಿರೀಟ ಅವನ ತಲೆಗಿಟ್ಟೆ, ಕಣ್ಣಿನವರೆಗೆ ಇಳಿಯಿತು, ಅಳು ಇನ್ನೂ ಜೋರಾಯಿತು.

ಜೈಲು ಹೋಟೆಲಿಗೆ ಹೋಗಿದ್ದು ನನ್ನ ಷಡ್ಡಕರ ಜೊತೆ. ಅವರು ಪೊಲೀಸ್ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಸೇವೆ ಮಾಡಿ ಎ.ಎಸ್.ಐ. ಆಗಿ ನಿವೃತ್ತರಾದವರು. ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇವೆ ಅಂತ ಮಗಳು ಮೊದಲೇ ಹೇಳಿರಲಿಲ್ಲ. ಒಳಗೆ ಸಾಲಾಗಿ ಸೆಲ್ಲುಗಳು, ಕಬ್ಬಿಣದ ಸರಳು, ಒಳಗೆ ಬೆಂಚು, ಮೇಜು. ಬಡಿಸುವವರಿಗೆ ಕಪ್ಪು ಬಿಳಿ ಪಟ್ಟೆಯ ಬಟ್ಟೆ. ಬಿಲ್ಲಿಗೆ ಜಾಮೀನು ಅಂತ ಹೆಸರು. ಷಡ್ಡಕರು ಬಾಗಿಲಲ್ಲೇ ನಿಂತರು. ‘ಇಷ್ಟು ವರ್ಷದಲ್ಲಿ ಒಂದು ದಿನ ಸರಳಿನ ಆ ಕಡೆ ಕೂತವನಲ್ಲ ನಾನು’ ಅಂದರು. ಹೇಗೋ ಕೂರಿಸಿದೆವು. ಕೂತವರು ಸುಮ್ಮನಿರಬೇಕಲ್ಲ. ಆರ್ಡರ್ ತಗೊಳ್ಳಲು ಬಂದ ಕೈದಿಯನ್ನು ಹಿಡಿದು, ‘ನಮ್ಮಲ್ಲಿ ಶಿಕ್ಷೆ ಆದೋರಿಗೆ ಬಿಳಿ ಬಟ್ಟೆ ಕಣಯ್ಯಾ, ಈ ಪಟ್ಟೆ ಎಲ್ಲ ಸಿನಿಮಾದಲ್ಲಿ. ನಿನ್ನ ಸೂಪರಿಂಟೆಂಡೆಂಟ್ ಯಾರು, ಕರಿ’ ಅಂತ ಶುರು ಮಾಡಿದರು. ಅವನು ಕೈಕಟ್ಟಿ ನಿಂತು ಎಲ್ಲದಕ್ಕೂ ‘ಸಾರಿ ಸರ್’ ಅಂದ. ನಿಜವಾದ ಕೈದಿ ಇಷ್ಟು ಹೆದರುವುದಿಲ್ಲ ಅನ್ನಿಸುತ್ತೆ.

ಫೋಟೊ ತೆಗೆಸಿಕೊಳ್ಳಲಿಕ್ಕೆ ಕೋಳ ಕೊಡುತ್ತಾರೆ. ಮಗಳು ನನ್ನ ಎಡಗೈಗೂ ಷಡ್ಡಕರ ಬಲಗೈಗೂ ಸೇರಿಸಿ ಹಾಕಿ, ಚಕಚಕ ನಾಲ್ಕು ಫೋಟೊ ತೆಗೆದಳು. ಬಿಚ್ಚಿ ಅಂದರೆ ಬೀಗದ ಕೈ ಇಲ್ಲ. ಹುಡುಗ ಹೋಗಿ ಮ್ಯಾನೇಜರನ್ನು ಕರೆತಂದ. ಮ್ಯಾನೇಜರು ಮೂರು ಫೋನ್ ಮಾಡಿ ವಿನಯದಿಂದ ಹೇಳಿದರು: ‘ಸರ್, ಕೀ ಇನ್ನೊಂದು ಬ್ರಾಂಚಲ್ಲಿದೆ.’

ಅಷ್ಟರಲ್ಲಿ ರೊಟ್ಟಿ ಬಂತು. ಷಡ್ಡಕರು ತುತ್ತು ಎತ್ತಿದಾಗಲೆಲ್ಲ ನನ್ನ ಎಡಗೈಯೂ ಅವರ ಬಾಯಿಯ ಹತ್ತಿರ ಹೋಗಿ ಬರುತ್ತಿತ್ತು. ನೋಡಿದವರಿಗೆ ನಾನೇ ತಿನ್ನಿಸುತ್ತಿದ್ದೇನೆ ಅನ್ನಿಸಬೇಕು. ಪಾಲಕ್ ಪನೀರು ಮುಗಿಯುವವರೆಗೆ ಅವರು ಸಹಿಸಿದರು. ಆಮೇಲೆ ‘ತಮ್ಮಾ, ಕೈ ತೊಳೀಬೇಕು’ ಅಂದರು. ಇಬ್ಬರೂ ಎದ್ದು, ಮದುವೆಯಲ್ಲಿ ಸೆರಗು ಗಂಟು ಹಾಕಿದ ಜೋಡಿಯ ಹಾಗೆ, ಮೇಜುಗಳ ನಡುವೆ ನಡೆದೆವು. ಬೇಸಿನ್ನಿನ ಹತ್ತಿರ ಅವರು ಅತ್ತಿತ್ತ ನೋಡಿ, ಎಡಗೈಯನ್ನು ಹಿಂದಕ್ಕೆ ಚಾಚಿ, ‘ನಿನ್ನ ಮಗಳಿಗೆ ಒಂದು ಹೇರ್‌ಪಿನ್ ತಗೊಂಡು ಬಾ ಅನ್ನು’ ಅಂದರು. ಪಿನ್ನು ಬಂತು. ಅರ್ಧ ನಿಮಿಷ. ಕ್ಲಿಕ್. ‘ಮೂವತ್ತೆರಡು ವರ್ಷ ಕಳ್ಳರ ಹಿಂದೆ ತಿರುಗಿದ್ದು ಸುಮ್ನೆನಾ?’ ಅಂದರು. ಅವರು ಅವತ್ತು ನಕ್ಕಿದ್ದು ಅದೊಂದೇ ಸಲ.

ರೋಬೋ ಬಡಿಸುವ ಹೋಟೆಲಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. 2019ರ ಹೊತ್ತಿಗೆ ಬೆಂಗಳೂರಿಗೆ ಅದೂ ಬಂದಿತ್ತು, ನಾವೂ ಹೋದೆವು. ರೋಬೋ ತಟ್ಟೆ ಹೊತ್ತು ಹೊರಟಿತು. ನೆಲದ ಮೇಲೆ ಬಿದ್ದಿದ್ದ ಟಿಶ್ಯೂ ಪೇಪರ್ ಕಂಡು ನಿಂತಿತು. ಪೇಪರನ್ನೇ ‘ದಯವಿಟ್ಟು ದಾರಿ ಬಿಡಿ’ ಅಂತ ಇಂಗ್ಲಿಷಿನಲ್ಲಿ ಕೇಳಿಕೊಳ್ಳತೊಡಗಿತು. ಅದರ ಹಿಂದೆ ಒಬ್ಬ ಹುಡುಗ, ದನ ಹೊಡೆದುಕೊಂಡು ಹೋಗುವವನ ಹಾಗೆ, ಇದಕ್ಕೆಂದೇ ಇದ್ದ. ಅವನು ಪೇಪರ್ ಎತ್ತಿದ, ರೋಬೋ ನಡೆಯಿತು, ಮೇಜಿನ ಹತ್ತಿರ ಬಂದಾಗ ತಟ್ಟೆ ತೆಗೆದು ನಮಗೆ ಕೊಟ್ಟವನೂ ಅವನೇ. ಕೊನೆಗೆ ಟಿಪ್ಸ್ ಯಾರಿಗೆ ಕೊಡುವುದು ಅಂತ ನಮಗೆ ಗೊಂದಲವೇನೂ ಆಗಲಿಲ್ಲ.

ಈಗ ಮುಖ್ಯ ಕಥೆ. ಅಪ್ಪಯ್ಯ, ಅಮ್ಮನ ಮದುವೆಗೆ ಐವತ್ತು ವರ್ಷ ತುಂಬಿತು. ಎಲ್ಲಿಗಾದರೂ ಒಳ್ಳೆ ಕಡೆ ಕರೆದುಕೊಂಡು ಹೋಗೋಣ ಅಂದಾಗ ಮಗಳು ಫೋನ್ ತಿರುಗಿಸಿ ತೋರಿಸಿದಳು. ಊರಾಚೆ ಇರುವ ಹಳ್ಳಿಮನೆ ಥೀಮಿನ ಹೋಟೆಲು. ‘ಅಜ್ಜ ಅಜ್ಜಿಗೆ ಮನೇಲಿದ್ದ ಹಾಗೇ ಅನ್ಸುತ್ತೆ’ ಅಂದಳು. ಮನೆಯಲ್ಲಿ ಇದ್ದ ಹಾಗೆ ಅನ್ನಿಸಲು ತಲೆಗೆ ಎಂಟುನೂರ ಐವತ್ತು ರೂಪಾಯಿ, ಜಿ.ಎಸ್.ಟಿ. ಬೇರೆ.

ಬಾಗಿಲಲ್ಲಿ ಎತ್ತಿನ ಗಾಡಿ, ಎತ್ತುಗಳು ಫೈಬರಿನವು. ಒಳಗೆ ಹೆಂಚಿನ ಮಾಡು, ಮಾಡಿನ ಕೆಳಗೆ ಏಸಿ. ಅಪ್ಪಯ್ಯ ಪಂಚೆ ಎತ್ತಿ ಕಟ್ಟಿ, ತೋಟ ನೋಡಲು ಬಂದವರ ಹಾಗೆ ಒಂದು ಸುತ್ತು ಹಾಕಿದರು. ಗೋಡೆಗೆ ನೊಗ ತಲೆಕೆಳಗಾಗಿ ನೇತುಹಾಕಿದ್ದರು. ಲಾಟೀನಿನೊಳಗೆ ಬತ್ತಿಯ ಬದಲು ಬಲ್ಬು, ಅದು ಬೇಕೆಂತಲೇ ಮಿಣುಕುತ್ತಿತ್ತು. ಮೇಜುಗಳ ಮೇಲೆಲ್ಲ ಒಂದೊಂದು ಗೊರಬು ಮಗುಚಿ ಇಳಿಬಿಟ್ಟು, ಒಳಗೊಂದು ದೀಪ ಇಟ್ಟಿದ್ದರು. ಗೊರಬು ಅಂದರೆ ಮಳೆಯಲ್ಲಿ ಗದ್ದೆ ನಾಟಿ ಮಾಡುವಾಗ ತಲೆ ಬೆನ್ನು ಮುಚ್ಚಲು ಹಾಕಿಕೊಳ್ಳೋದು, ಬಿದಿರು ಎಲೆಯಿಂದ ಹೆಣೆದಿದ್ದು. ಅಪ್ಪಯ್ಯ ಕತ್ತೆತ್ತಿ ನೋಡಿ, ‘ಅಲ್ಲೇ ಇರಲಿ ಬಿಡು, ಸೋರಿದರೆ ಆಗುತ್ತೆ’ ಅಂದರು.

ಅಮ್ಮನ ಕಣ್ಣು ಮೂಲೆಯಲ್ಲಿತ್ತು. ಅಲ್ಲೊಂದು ಕಲ್ಲಿನ ಬಾನಿ. ಅದರ ತುಂಬ ಐಸು, ಐಸಿನಲ್ಲಿ ಜ್ಯೂಸ್ ಬಾಟಲು, ಸುತ್ತ ಸೇವಂತಿಗೆ. ‘ಅಯ್ಯೋ, ಇದು ಅಕ್ಕಚ್ಚಿನ ಬಾನಿ ಕಣೋ! ನಮ್ಮ ಕೌಲಿ ಇಂಥದ್ದರಲ್ಲೇ ಮೂತಿ ಹಾಕಿ ಕುಡೀತಿದ್ದಿದ್ದು’ ಅಂದಳು. ಆಗಷ್ಟೇ ಕೋಕಂ ಜ್ಯೂಸ್ ಬಾಟಲು ತೆಗೆದುಕೊಂಡಿದ್ದ ಹೆಂಗಸೊಬ್ಬರು ಅದನ್ನು ಮೆಲ್ಲಗೆ ವಾಪಸ್ ಇಟ್ಟರು.

ಮೇಜು ಸಿಗಲು ಮುಕ್ಕಾಲು ಗಂಟೆ ಅಂದರು. ನಾವು ಜಗಲಿಯ ಮೇಲೆ ಕೂತೆವು. ಅಪ್ಪಯ್ಯನಿಗೆ ಮಂಡಿ ನೋವು, ಅಷ್ಟು ತಗ್ಗಿನಲ್ಲಿ ಕೂತರೆ ಏಳಲಾಗದು. ಬಾಗಿಲ ಹತ್ತಿರ ಕಂಬ ಒರಗಿ ನಿಂತರು. ಎಡವಟ್ಟು ಅಲ್ಲೇ ಆಗಿದ್ದು. ಆ ಹೋಟೆಲಿನಲ್ಲಿ ಬಡಿಸುವವರ ಸಮವಸ್ತ್ರ ಏನು ಗೊತ್ತಾ? ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಹಸಿರು ಶಾಲು.

ಒಂದು ಕುಟುಂಬ ಬಂತು. ‘ತಾತಾ, ಆರು ಜನಕ್ಕೆ ಜಾಗ ಇದೆಯಾ?’

ಐವತ್ತು ವರ್ಷ ಮನೆ ಯಜಮಾನಿಕೆ ಮಾಡಿದವರಿಗೆ ಬಾಗಿಲಿಗೆ ಬಂದವರನ್ನು ಏನು ಕೇಳಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ‘ಬನ್ನಿ ಬನ್ನಿ, ಯಾವ ಕಡೆಯವರಾಯ್ತು? ಬಿಸಿಲಲ್ಲಿ ಬಂದಿದೀರಿ, ಆಸ್ರಿಗೆ ಏನಾದರೂ ತಗೊಳ್ಳಿ’ ಅಂದು ಒಳಗೆ ಕರೆದು ಕೂರಿಸಿಯೇಬಿಟ್ಟರು. ಹಿಂದೆಯೇ ಇನ್ನೊಂದು ಕುಟುಂಬ. ಅವರನ್ನೂ ಕೂರಿಸಿದರು. ಒಂದು ಹುಡುಗಿ ಬೀಸುಕಲ್ಲಿನ ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ಉಲ್ಟಾ ತಿರುಗಿಸುತ್ತಿದ್ದಳು. ‘ಹಾಗಲ್ಲ ಮಗಾ’ ಅಂತ ಸರಿ ಮಾಡಿ ತೋರಿಸಿದರು. ಕಲ್ಲು ಗರಗರ ಅಂದ ತಕ್ಷಣ ಹತ್ತು ಫೋನ್ ಮೇಲೆದ್ದವು. ನೊಗ ನೇರ ಮಾಡಿಸಿದರು. ಕಡಗೋಲು, ಮೆಟ್ಟುಗತ್ತಿ ಎಲ್ಲದರ ವಿವರಣೆ ನಡೆಯಿತು. ನಾನು ಎದ್ದು ಹೋಗಿ ತಡೆಯೋಣ ಅಂದರೆ ಅಮ್ಮ ಕೈ ಹಿಡಿದು ಕೂರಿಸಿದಳು. ‘ಇರಲಿ ಬಿಡು. ಮನೇಲಿ ಇದನ್ನೆಲ್ಲ ಕೇಳೋರು ಯಾರಿದಾರೆ?’

ಒಬ್ಬರು ಹೊರಡುವಾಗ ಅವರ ಅಂಗಿ ಜೇಬಿಗೆ ನೂರರ ನೋಟು ತುರುಕಿದರು. ಆಮೇಲೆ ಮ್ಯಾನೇಜರು ಬಂದರು.

‘ಯಾವ ಏಜೆನ್ಸಿಯಿಂದ ಕಳಿಸಿದ್ದು ನಿಮ್ಮನ್ನ?’

‘ತೀರ್ಥಹಳ್ಳಿಯಿಂದ’ ಅಂದರು ಅಪ್ಪಯ್ಯ.

‘ಶನಿವಾರ, ಭಾನುವಾರ ಎರಡೇ ದಿನ ಬಂದ್ರೂ ಸಾಕು. ಏನು ತಗೋತೀರಾ?’

ಅಪ್ಪಯ್ಯ ಮಂಡಿಯಲ್ಲಿ ಅಡಿಕೆ ಮಾರಿದವರು. ದರ ಕೇಳಿದ ಮೇಲೆ ಸುಮ್ಮನಿರುವುದು ಅವರಿಗೆ ಸಾಧ್ಯವಿಲ್ಲ. ‘ನೀವೆಷ್ಟು ಕೊಡ್ತೀರಿ, ಅದನ್ನು ಹೇಳಿ’ ಅಂದರು. ಮಾತು ಸಾವಿರದಿಂದ ಸಾವಿರದ ನಾನೂರಕ್ಕೆ ಏರಿ, ಬಸ್ ಚಾರ್ಜು ಯಾರದ್ದು ಅನ್ನುವಲ್ಲಿಗೆ ಬಂದಾಗ ನಮ್ಮ ಹೆಸರು ಕೂಗಿದರು, ಮೇಜು ಖಾಲಿಯಾಗಿತ್ತು. ಮೇಜು ಅಂದೆ, ಅದು ಮಣೆ. ನೆಲದ ಮೇಲೆ. ಮಂಡಿ ನೋವಿಗೆ ಅಂತಲೇ ಊರಿನ ಮನೆಗೆ ಡೈನಿಂಗ್ ಟೇಬಲ್ ತರಿಸಿ ಹತ್ತು ವರ್ಷ ಆಗಿದೆ. ಕೊನೆಗೆ ಗಲ್ಲಾದ ಹಿಂದಿದ್ದ ಪ್ಲಾಸ್ಟಿಕ್ ಕುರ್ಚಿ ತರಿಸಿ, ಅಪ್ಪಯ್ಯ ಮೇಲೆ, ನಾವೆಲ್ಲ ಕೆಳಗೆ, ಹರಿಕಥೆ ಕೇಳುವವರ ಹಾಗೆ ಕೂತು ಉಂಡೆವು.

ಊಟದ ಬಗ್ಗೆ ಸುಳ್ಳು ಹೇಳಬಾರದು. ಚೆನ್ನಾಗಿತ್ತು. ಪತ್ರೊಡೆಯಂತೂ ನಿಜವಾಗಿ ಚೆನ್ನಾಗಿತ್ತು. ಅಮ್ಮ ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ತುಂಬ ಹೊತ್ತು ಅಗಿದು, ‘ಹುಳಿ ಒಂಚೂರು ಕಮ್ಮಿ. ಬಾಕಿ ಅಡ್ಡಿಲ್ಲ’ ಅಂದಳು. ನಮ್ಮ ಕಡೆ ‘ಅಡ್ಡಿಲ್ಲ’ಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ನನ್ನ ಮದುವೆಗೆ ಹುಡುಗಿ ನೋಡಿ ಬಂದಾಗಲೂ ಅವಳು ಅಷ್ಟೇ ಅಂದಿದ್ದು.

ಬಿಲ್ಲು ಬಂತು. ಪುಟ್ಟ ಮಡಿಕೆಯೊಳಗೆ ಮಡಚಿ ಇಟ್ಟಿದ್ದರು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ‘ಸರ್ವಿಸ್ ಚಾರ್ಜ್ ಶೇಕಡಾ ಹತ್ತು. ಇದೆಂತದು?’ ನಾನು ವಿವರಿಸಿದೆ. ಇದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂತ ಗ್ರಾಹಕರ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ, ಬೇಡ ಅಂದರೆ ತೆಗೆಯಬೇಕು. ಆದರೆ ಜಗಳ ಯಾಕೆ, ಕೊಟ್ಟುಬಿಡೋಣ.

ಅಪ್ಪಯ್ಯನಿಗೆ ಹೈಕೋರ್ಟ್ ಬೇಕಾಗಲಿಲ್ಲ. ಕುರ್ಚಿಯಿಂದಲೇ ಮ್ಯಾನೇಜರನ್ನು ಕರೆದು, ಬಿಲ್ಲಿನ ಆ ಸಾಲಿನ ಮೇಲೆ ಬೆರಳಿಟ್ಟು, ‘ಸರ್ವಿಸ್ ಮಾಡಿದ್ದು ನಾನು’ ಅಂದರು.

ಮ್ಯಾನೇಜರು ಅವರನ್ನು ನೋಡಿದರು, ಶಾಲು ನೋಡಿದರು, ನಮ್ಮನ್ನು ನೋಡಿದರು. ಬಿಲ್ಲು ತೆಗೆದುಕೊಂಡು ಹೋಗಿ ಆ ಸಾಲು ತೆಗೆಸಿ ತಂದರು. ಜೊತೆಗೆ ಐದು ಲೋಟ ಪಾಯಸ, ಲೆಕ್ಕಕ್ಕಿಲ್ಲದ್ದು. ಜೇಬಿನಲ್ಲಿದ್ದ ನೂರು ರೂಪಾಯಿಯನ್ನು ಅಪ್ಪಯ್ಯ ನಮಗೆ ಬಡಿಸಿದ ಹುಡುಗನಿಗೆ ಕೊಟ್ಟರು. ಅವನು ಸಂಡೂರಿನವನು. ಅಪ್ಪಯ್ಯನ ಶಾಲಿನ ಬಟ್ಟೆ ಮುಟ್ಟಿ ನೋಡಿ, ‘ನಿಮ್ದು ಒರಿಜಿನಲ್ ಐತಿ, ನಮ್ದು ಒಗದ್ರ ಬಣ್ಣ ಬಿಡತೈತಿ’ ಅಂದ.

ದೀಪಾವಳಿಗೆ ಊರಿಗೆ ಹೋದೆವು. ರಾತ್ರಿ ಎಂಟಕ್ಕೆ ಕಾರು ಅಂಗಳಕ್ಕೆ ತಿರುಗಿದಾಗ ಜಗಲಿಯಲ್ಲಿ ಏನೋ ಹೊಸ ಬೆಳಕು. ನೋಡಿದರೆ ಗೊರಬು. ಅಟ್ಟದಲ್ಲಿ ಇಪ್ಪತ್ತು ವರ್ಷದಿಂದ ಧೂಳು ತಿನ್ನುತ್ತಿದ್ದದ್ದನ್ನು ಇಳಿಸಿ, ಒರೆಸಿ, ಒಳಗೊಂದು ಬಲ್ಬು ಇಟ್ಟು ತೂಗುಹಾಕಿದ್ದರು. ಅಮ್ಮ ಒಳಗಿಂದಲೇ, ‘ಮರುಳು ಹಿಡಿದಿದೆ ನಿನ್ನ ಅಪ್ಪಯ್ಯಂಗೆ, ಅಕ್ಕಚ್ಚು ಬಾನೀನೂ ತೊಳೆಸಿ ಅಂಗಳಕ್ಕೆ ತಂದಿಟ್ಟಿದಾರೆ’ ಅಂದಳು.

ಮಗಳು ಜಗಲಿ ಹತ್ತಿ, ‘ಅಜ್ಜಾ, ಕಾಫಿ!’ ಅಂತ ಕೂಗಿದಳು. ಅಪ್ಪಯ್ಯ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು, ಸ್ಟೀಲಿನ ಲೋಟ ಹಿಡಿದು ಎದುರಿಗೆ ಬಂದು ನಿಂತರು.

‘ನೇಮ್?’

‘ಅಜ್ಜಾ, ನಾನು ಅನನ್ಯ!’

‘ಗೋತ್ರ?’

ಗೋತ್ರ ಅವಳಿಗೆ ಗೊತ್ತಿರಲಿಲ್ಲ, ನನ್ನ ಕಡೆ ನೋಡಿದಳು. ನನಗೂ ಒಂದು ಕ್ಷಣ ಬೇಕಾಯಿತು. ಅಷ್ಟರಲ್ಲಿ ಅಪ್ಪಯ್ಯ ವೆಂಕಟ್ ರಮ್ ಕಪ್ಪಿನಿಂದ ಡಬ್ಬಿ ತೆಗೆದು, ತೋರುಬೆರಳಿಗೆ ಸುಣ್ಣ ಹಚ್ಚಿ ಲೋಟದ ಮೇಲೆ ಏನೋ ಬರೆದು, ಒಳಗೆ ಹೋಗಿ ಕಾಫಿ ತುಂಬಿಸಿಕೊಂಡು ಬಂದರು. ಮಗಳು ಬೆಳಕಿಗೆ ಹಿಡಿದು ಓದಿದಳು.

‘ಅನಂತಯ್ಯ.’